ಊಟದ ಮೇಜಿನ ಕೊನೆಯ ತೂತು

ಹುಣಸೆಹುಳಿಯ ವಾಸನೆ, ಹೌದು, ಹುಳಿಯದೇ, ಮರದೊಳಗಿಂದ ಬರುತ್ತಿದೆ, ಬೈರಿಗೆಯ ಸುರುಳಿಯನ್ನು ಹಿಡಿದು ಸುತ್ತಿ ಸುತ್ತಿ ಮೇಲೆ ಹತ್ತುತ್ತಿರುವ ಈ ಚಹಾಬಣ್ಣದ ಹೊಟ್ಟಿನಲ್ಲಿ ಯಾವ ಕಾಲದ ಬಂಗುಡೆ ಸಾರು ಅಡಗಿ ಕೂತಿದೆಯೋ, ಹೆಂಡತಿ ಹೆಲನಳ ಅಜ್ಜಿ ಚೆಲ್ಲಿದ್ದೋ ಅಮ್ಮ ಚೆಲ್ಲಿದ್ದೋ, ಎರಡು ತಲೆಮಾರು ಉಂಡು ಉಂಡು ಈ ಸಾಗುವಾನಿಗೇ ಹೊಟ್ಟೆ ತುಂಬಿರಬೇಕು — ಕಜೆಟನ್ ಮೂಗನ್ನು ಹಿಂದಕ್ಕೆಳೆದುಕೊಂಡ, ಕಣ್ಣನ್ನು ಎಳೆದುಕೊಳ್ಳಲಿಲ್ಲ, ಕಣ್ಣು ಬೈರಿಗೆಯ ಮೇಲೆಯೇ ಇರಬೇಕು, ಅದರ ಎದುರಿಗೊಂದು ಬದಿಗೊಂದು ನಿಲ್ಲಿಸಿದ ಎರಡು ಮೂಲೆಮಟ್ಟಗಳ ಮೇಲಿರಬೇಕು, ಬೈರಿಗೆ ಎರಡಕ್ಕೂ ಸರಿಯಾಗಿ ನಿಂತರೆ ಲಂಬ, ಲಂಬ ಹೋದರೆ ಜಂಭವೂ ಹೋಯಿತು. ಇದು ಕೊನೆಯ ತೂತು. ಇದೊಂದು ನೆಟ್ಟಗೆ ಇಳಿದರೆ ಈ ಹಲಗೆ ಇನ್ನು ಮೇಲೆ ಮರ ಕೊಯ್ಯುವ ಮೇಜು, ಬೋಳಾರದಲ್ಲಿ ಯಾವ ಬಡಗಿಯ ಸಾಲೆಯಲ್ಲೂ ಇಲ್ಲದ ಮೇಜು, ಓರೆಯಾದರೆ ಉಣ್ಣುವ ಮೇಜೂ ಅಲ್ಲ ಕೊಯ್ಯುವ ಮೇಜೂ ಅಲ್ಲ, ಒಂದು ಹೊರೆ ಸೌದೆ, ಅಷ್ಟೇ, ಮತ್ತು ಆ ಸೌದೆಯ ಯಜಮಾನಿ ಈಗ ಅದರ ಕೆಳಗೇ ಅಂಗಾತ ಮಲಗಿದ್ದಾಳೆ, ಕೂಳೂರಿನಿಂದ ಉಟ್ಟು ಬಂದ ಸೀರೆಯಲ್ಲೇ, ಹೊಟ್ಟಿನ ಮೇಲೆ, ತೋರುಬೆರಳನ್ನು ಹಲಗೆಯ ತಳದಲ್ಲಿ ಅವನು ಗೀರಿಟ್ಟ ಅಡ್ಡಗೆರೆಯ ಗುರುತಿಗೆ ಒತ್ತಿಕೊಂಡು. ಬೈಗುಳವಾದರೂ ಇರಬಾರದೇ, ಗರ್ರ್, ಗರ್ರ್, ಬೈಯುವ ಕೆಲಸವನ್ನೆಲ್ಲ ಬೈರಿಗೆಗೇ ವಹಿಸಿಬಿಟ್ಟಿದ್ದಾಳೆ.

ಮೊನೆ ತಾಗಿದೊಡನೆ ಬೆರಳಿಟ್ಟವರು ಬಂತು ಅನ್ನಬೇಕು. ಅದೇ ಕ್ರಮ, ಹೆಂಚಿನ ಕಾರ್ಖಾನೆಯಲ್ಲಿ ಮುದುಕ ಇಸಿದೋರ್ ಮೇಸ್ತ್ರಿ ಎಲೆಯಡಿಕೆಯ ಬಾಯಿಯಲ್ಲಿ ಕಲಿಸಿದ್ದು, ಮೇಲಿನಿಂದ ಪೂರ್ತಿ ಕೊರೀಬೇಡ ಮಾರಾಯ, ತಳದ ಮರ ಸಿಡಿದು ಹಲ್ಲು ಕಿಸೀತದೆ, ಮೊನೆ ಇಣುಕುವಷ್ಟು ಕೊರೆ, ನಿಲ್ಸು, ಹಲಗೆ ಮಗುಚು, ಮೊನೆ ಬಂದಲ್ಲಿಂದ ಮತ್ತೆ ಈಚೆಗೆ ಕೊರೆ, ಎರಡು ಬಾಯಿ ನಡುವಿನಲ್ಲಿ ಕೂಡಿಕೊಳ್ತವೆ, ಗಂಡಹೆಂಡತಿಯರ ಹಾಗೆ ಅಲ್ಲ, ಸರಿಯಾಗಿ. ಮೇಲೆ ಒಬ್ಬ, ಕೆಳಗೆ ಒಬ್ಬ, ನಡುವೆ ಒಂದೇ ಒಂದು ಶಬ್ದ. ಆ ತೂತುಗಳಿಗೆ ಇಳಿಸುವ ಗೂಟಕ್ಕೆ ಕಾರ್ಖಾನೆಯ ಇಂಗ್ಲಿಷಿನಲ್ಲಿ ಡಾಗ್ ಎಂದು ಹೆಸರು, ಕಚ್ಚಿ ಹಿಡಿಯುತ್ತದಲ್ಲ, ಒಂದು ಸಾಲಿನ ಎರಡು ನಾಯಿಗಳಿಗೆ ಮರವನ್ನು ಒತ್ತು, ಅಡ್ಡಸಾಲಿನ ನಾಯಿಗಳಿಗೆ ಪಟ್ಟಿಯನ್ನು ಒತ್ತು, ಪಟ್ಟಿಯ ಗುಂಟ ಗರಗಸ ಬಿಡು, ಮೂಲೆ ಹೇಳದೆಯೇ ಮೂಲೆಯಾಗುತ್ತದೆ — ನಾಯಿಗೂಡು ನೆಟ್ಟಗಿದ್ದರೆ. ಕೂದಲೆಳೆ ತಪ್ಪಿದರೂ ಕಿಟಕಿಯ ಉದ್ದಕ್ಕೆ ಹೋಗುವಷ್ಟರಲ್ಲಿ ಆ ಕೂದಲು ಬೆರಳಿನಷ್ಟು ದಪ್ಪವಾಗಿರುತ್ತದೆ, ಬಂದರಿನ ನೂರ್ ಮುಹಮ್ಮದ್ ಸಾಹುಕಾರರ ಬೆರಳಿನಷ್ಟು, ಅವರು ಅವನು ಕೂರಿಸಿದ ಕಿಟಕಿಯ ಸಂದಿಗೆ ಬೆರಳು ತೂರಿಸಿ ಎಲ್ಲರೆದುರಿಗೆ, ಕಿರಿಸ್ತಾನರನ್ನು ಊರವರು ಕರೆಯುವ ಹಾಗೆ, ಪೊರ್ಬುಗಳೇ, ಕಿಟಕಿ ಮುಚ್ಚಿದ್ರೂ ಗಾಳಿ ಬರ್ತದಲ್ಲ, ಇದಕ್ಕೆ ಪ್ರತ್ಯೇಕ ಎಂತ ಕೊಡ್ಬೇಕು ನಾನು? ಹೊಸ ಮಳಿಗೆಯ ಬಾಗಿಲು ಕಿಟಕಿ ಎಲ್ಲ ನಿಮ್ಗೇ ಕೊಡ್ಬೇಕಂತ ಉಂಟು, ಮೊದಲು ನೀವು ಮಾಡ್ತೇನೆ ಅಂದ ಆ ಹೊಸ ಮೇಜು ನೋಡ್ತೇನೆ, ಸೋಮವಾರ ಬರ್ತೇನೆ. ಸೋಮವಾರ ನಾಳೆ. ಹಾಗೆಂದರೆ ಇವತ್ತು ಭಾನುವಾರ, ಪೂಜೆಯ ದಿನ ಬೈರಿಗೆ ಹಿಡಿದಿದ್ದೇನೆ, ಅದೂ ಹಬ್ಬಕ್ಕೆ ಮಂತ್ರಿಸಿದ ಮೇಣದಬತ್ತಿಯ ತುಂಡನ್ನೇ ಜಾರಲಿ ಎಂದು ಮೊನೆಗೆ ಉಜ್ಜಿದ್ದೇನೆ, ದೇವರಿಗೂ ಕೆಲಸ ಕೊಟ್ಟ ಹಾಗಾಯಿತು.

ಗರ್ರ್. ಎದೆಯ ಭಾರ ಬೈರಿಗೆಯ ತಲೆಯ ಗುಬ್ಬಿಯ ಮೇಲೆ, ಬಲಗೈ ಸುತ್ತು, ಎಡಗೈ ನಿಲ್ಲು. ಹೊಸ ಮರ ತರಬಹುದಿತ್ತು, ಎಲ್ಲಿಂದ ತರುವುದು, ಹೊಳೆಬದಿಯ ಡಿಪೋದಲ್ಲಿರುವುದೆಲ್ಲ ನಿನ್ನೆ ಕಡಿದು ಇವತ್ತು ಒಣಗಿದೆಯೆಂದು ಆಣೆ ಹಾಕುವ ಮರ, ಒಂದು ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತದೆ, ಆಮೇಲೆ ತೂತು ಯಾವುದಕ್ಕೆ ನೆಟ್ಟಗೆ? ಈ ಹಲಗೆ ಮಾತ್ರ ಅಲುಗದು, ಎಷ್ಟೋ ಮಳೆಗಾಲಗಳನ್ನು ಒಳಗಿದ್ದೇ ನೋಡಿದೆ, ಇನ್ನು ಯಾವ ಮಳೆಗೂ ಬೆನ್ನು ಬಗ್ಗಿಸದು, ಹೆಲನಳ ಹಾಗೆಯೇ — ಥೂ, ಕೆಳಗಿದ್ದಾಳೆ, ಯೋಚನೆಯೂ ಕೆಳಗೆ ಸೋರೀತು. ಅವಳ ತವರಿನ ಮೇಜು. ಮದುವೆಗೆ ಅಪ್ಪ ಎತ್ತಿನ ಗಾಡಿಯಲ್ಲಿ ಕಳಿಸಿಕೊಟ್ಟದ್ದು, ಬಾಗಿಲಲ್ಲಿ ಹಿಡಿಯದೆ ಅವನೇ ಬಾಗಿಲ ಚೌಕಟ್ಟು ಬಿಚ್ಚಿ ಒಳಗೆ ತಂದದ್ದು. ಅವಳು ಆಸ್ಪತ್ರೆಗೆ ರಜೆ ಹಾಕಿ ತಂಗಿ ಗ್ಲ್ಯಾಡಿಸಳ ಬಾಣಂತನಕ್ಕೆಂದು ಕೂಳೂರಿಗೆ ಹೋದಳು, ಹೋಗುವಾಗ ಆಯ್ಕಾಲೆಂಗೀ, ಕೇಳಿತಾ, ಬೆಕ್ಕಿಗೆ ಅನ್ನ ಹಾಕಿ ಅಂದಳು, ಮೇಜಿಗೆ ಕೈ ಹಾಕಬೇಡಿ ಅನ್ನಲಿಲ್ಲ, ಅನ್ನಬೇಕೆಂದು ಅವಳಿಗೆ ಹೇಗೆ ಹೊಳೆಯಬೇಕು, ನಾನು ಗ್ಲ್ಯಾಡಿಸಳ ಮನೆಗೆ ಬಸ್ಸು ಹತ್ತಿ ಹೋಗಿ ಒಂದು ಮಾತು ಕೇಳಬಹುದಿತ್ತು, ಸೇತುವೆ ಆದ ಮೇಲೆ ಕೂಳೂರು ಎಷ್ಟು ದೂರ, ಕೇಳಲಿಲ್ಲ, ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಅದಕ್ಕೇ ಕೇಳಲಿಲ್ಲ. ಕಾಲು ಕಳಚಿ, ಹಲಗೆಯನ್ನು ಸಾಲೆಗೆ ಹೊತ್ತು, ದಪ್ಪ ಕಾಲುಗಳ ಮೇಲೆ ಕೂರಿಸಿ, ಅವಳು ಬರುವಷ್ಟರಲ್ಲಿ ಹೊಸ ಊಟದ ಮೇಜೊಂದನ್ನು ಇದರ ಮೇಲೆಯೇ ಕೊಯ್ದು ಇಟ್ಟರಾಯಿತು ಎಂದುಕೊಂಡದ್ದು, ಮಂಡೆಯಲ್ಲಿ ಎಲ್ಲ ಎಷ್ಟು ಸಲೀಸಾಗಿ ಮೂಲೆಗೆ ಮೂಲೆ ಕೂತಿತ್ತು.

ಮತ್ತು ಆ ವಿಲ್ಲಿ. ಹೆಲನಳ ತಮ್ಮ, ಬಿ.ಎ., ಕಂಪೆನಿ ಆಫೀಸಿನಲ್ಲಿ ಗುಮಾಸ್ತ, ಸಂಬಳ ಒಬ್ಬನಿಗೆ ಸ್ವರ ಹತ್ತು ಜನರದ್ದು, ಬೆಳಗ್ಗಿನಿಂದ ಬೆರಳಿಡಲು ಅವನೇ ಮಲಗಿದ್ದ, ಭಾವೋಜಿ, ನೀವು ಹಲಗೆ ಕೊರೀರಿ, ನಾನು ತಲೆ ಕೊರೀತೇನೆ, ಎನ್ನುತ್ತ ಒಂದು ತೂತಿಗೆ ಪಾದ್ರಿಯವರ ಮೂಗಿನಲ್ಲಿ ಬಂತೂ ಬಂತೂ ಎಂದು ಹಾಡಿದ, ಇನ್ನೊಂದಕ್ಕೆ ನೂರ್ ಮುಹಮ್ಮದರ ಗಂಟಲಲ್ಲಿ ಬಂತು ಪೊರ್ಬುಗಳೇ, ನಗು ಬಂತು, ಕೈ ಅಲುಗಲಿಲ್ಲ. ಆಮೇಲೆ ಹೆಲನಳದ್ದು. ಎಂತ ಮಾಡ್ತಾ ಇದ್ದೀರಿ ನನ್ನ ಮೇಜಿಗೆ? — ದೇವರೇ, ಆ ಮೇಜಿಗೆ ಎನ್ನುವಾಗಿನ ಜಗ್ಗು ಸಹಿತ, ಎದೆ ಹಾರಿ ಮೊನೆ ಜಾರಿ ಹಲಗೆಯ ಮೇಲೆ ಬೆಕ್ಕು ಪರಚಿದ ಹಾಗೆ ಒಂದು ಗೀರು, ಪುಣ್ಯಕ್ಕೆ ತೂತು ಶುರುವಾಗಿರಲಿಲ್ಲ, ವಿಲ್ಲಿ ಕೆಳಗೆ ಹೊಟ್ಟೆ ಹಿಡಿದು ನಗುತ್ತಾನೆ, ಭಾವೋಜಿ, ಮೋಜಿಗೆ ಮಾಡಿದ್ದು ಮೋಜಿಗೆ. ಮಧ್ಯಾಹ್ನದ ಮೇಲೆ ಕೊನೆಯ ಗುರುತಿಗೆ ಬೈರಿಗೆ ಇಟ್ಟು ನಾಲ್ಕು ಸುತ್ತು ಹಾಕಿದ್ದೇನೆ, ಮತ್ತೆ ಅದೇ ಸ್ವರ, ಎಂತ ಮಾಡ್ತಾ ಇದ್ದೀರಿ ನನ್ನ ಮೇಜಿಗೆ, ಈ ಸಲ ಮೋಸ ಹೋಗಲಿಲ್ಲ ನಾನು, ಕಣ್ಣು ಸಹ ಎತ್ತಲಿಲ್ಲ, ಏನೆಂದೆ, ಏನೆಂದೆ — ಎಂತದು ಮಾರಾಯ್ತಿ ನಿನ್ನ ಮೇಜು, ನಿನ್ನ ಅಪ್ಪನ ಮನೆಯಿಂದ ಬಂದದ್ದರಲ್ಲಿ ಕೆಲಸಕ್ಕೆ ಬರುವಂಥದ್ದು ಇದೊಂದೇ, ಕೂತು ತಿಂದದ್ದು ಸಾಕು, ಇನ್ನು ದುಡೀಲಿ, ಬೇಕಾದ್ರೆ ಹೋಗಿ ಇನ್ನೊಂದು ತಾ, ಎಂದು, ಅವಳ ಜಗ್ಗನ್ನೇ ತಿರುಗಿ ಜಗ್ಗಿ, ರಾಗ ಎಳೆದು, ಚೆನ್ನಾಗಿಯೇ ಬಂತು ಎಂದು ಒಳಗೊಳಗೆ ಹಿಗ್ಗಿದ್ದೂ ಆಯಿತು. ಆಮೇಲೆ ಮೇಜಿನ ಕೆಳಗಿನಿಂದ, ಬಹಳ ಸಣ್ಣಗೆ, ಯಾರದ್ದೂ ಅಲ್ಲದ ವಿಲ್ಲಿಯದೇ ಸ್ವರ: ಭಾವೋಜಿ, ಅದು ನಾನಲ್ಲ.

ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಗ್ಲ್ಯಾಡಿಸ್ ಕೊಟ್ಟ ಬಾಳೆಗೊನೆಯ ಚಿಪ್ಪು. ನನ್ನನ್ನು ನೋಡಲಿಲ್ಲ, ಹಲಗೆಯನ್ನು ನೋಡಿದಳು, ತೂತುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ, ವಾರ್ಡಿನ ಮಂಚಗಳ ಸಾಲನ್ನು ನೋಡುವ ಹಾಗೆ. ವಿಲ್ಲಿ ತೆವಳಿಕೊಂಡು ಹೊರಬಿದ್ದು, ಅಕ್ಕಾ ನಾನು ಬೇಡ ಅಂದೆ, ಎಂದು ಓಟ. ಇವಳು ಬಾಳೆಹಣ್ಣನ್ನು ಮೂಲೆಯಲ್ಲಿಟ್ಟಳು, ಸೆರಗು ಸಿಕ್ಕಿಸಿದಳು, ತಮ್ಮ ಬಿಟ್ಟುಹೋದ ಜಾಗಕ್ಕೆ ತೆವಳಿದಳು. ಅಷ್ಟೇ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅತ್ತಿದ್ದರೆ ಹೇಗೋ ಸಮಾಧಾನ ಮಾಡುತ್ತಿದ್ದೆ, ಆದರೆ ಇದು ಯಾವ ಲೆಕ್ಕ, ಬೆರಳಿಟ್ಟದ್ದು ರಾಜಿಯೋ, ಶಿಕ್ಷೆಯೋ, ಅಥವಾ ಹಾಳಾದದ್ದು ಹಾಳಾಯಿತು ಸರಿಯಾಗಿಯಾದರೂ ಹಾಳಾಗಲಿ ಎಂದೋ?

ಗರ್ರ್, ಗರ್ರ್, ಈಗ ಸದ್ದು ಬೇರೆ, ಕಜೆಟನಿಗೆ ಮೊಣಕೈಯಲ್ಲೇ ಗೊತ್ತಾಗುತ್ತದೆ, ದಪ್ಪ ಸದ್ದು ತೆಳ್ಳಗಾಗಿದೆ, ಮರ ಮುಗಿಯುತ್ತ ಬಂದಿದೆ, ಇನ್ನು ಅವಳು ಬಂತು ಅನ್ನಬೇಕು. ಅನ್ನುತ್ತಿಲ್ಲ. ಅರ್ಧ ಸುತ್ತು. ಬೆಳಗ್ಗಿನ ತೂತುಗಳಲ್ಲಿ ಇಷ್ಟರಲ್ಲೇ ವಿಲ್ಲಿ ಕೂಗಿದ್ದ, ಇಲ್ಲವೇ ಇಲ್ಲಿ ಗಂಟು ಇದೆಯೋ, ಇಲ್ಲ, ಗಂಟಾದರೆ ಹಿಡಿ ಹೇಳುತ್ತದೆ, ಅಥವಾ ಓರೆಯಾಗಿ ಬೇರೆಲ್ಲೋ ಮೊನೆ ಹೊರಟಿದೆಯೋ, ಅವಳ ಬೆರಳು ಗುರುತಿನ ಮೇಲಿದೆ, ಮೊನೆ ಬದಿಯಲ್ಲಿ ಇಣುಕಿದರೆ ಅವಳಿಗೆ ತಾಗದು, ಹಾಗಾದರೆ ಸೌದೆ, ಎಲ್ಲ ಸೌದೆ, ಅವಳ ಅಪ್ಪನ ಮೇಜು ಸುಮ್ಮನೆ ಸೌದೆ. ಬಗ್ಗಿ ನೋಡಬಹುದು, ಬಗ್ಗಿದರೆ ಎದೆಯ ಭಾರ ತಪ್ಪಿ ಲಂಬ ಹೋಗುತ್ತದೆ. ಕೇಳಬಹುದು. ಬಂತಾ ಎಂದರೆ ಮುಗಿಯಿತು, ಎರಡು ಅಕ್ಷರ, ಅದಕ್ಕೇನು ಖರ್ಚು, ಆದರೆ ಆ ಎರಡಕ್ಷರ ಈಗ ಬಾಯಿಯಿಂದ ಹೊರಟರೆ ಅದರ ಹಿಂದೆ ಉಳಿದದ್ದೆಲ್ಲ ಹೊರಡಬೇಕಾಗುತ್ತದೆ, ಹೆಲನ್ ತಪ್ಪಾಯ್ತು, ವಿಲ್ಲಿ ಅಂದುಕೊಂಡೆ, ವಿಲ್ಲಿ ಅಂದುಕೊಂಡರೂ ಅಂದದ್ದು ನಾನೇ ಅಲ್ಲವೇ — ಕಾಲು ಸುತ್ತು. ಬೆವರು ಕಣ್ಣಿಗೆ. ಮೂಲೆಮಟ್ಟ ಎರಡಾಗಿ ಕಾಣುತ್ತಿದೆ. ಕೆಳಗೆ ಉಸಿರಾಟವೂ ಕೇಳುತ್ತಿಲ್ಲ, ಇದ್ದಾಳೋ ಇಲ್ಲವೋ, ಇನ್ನೊಂದು ಕಾಲು ಸುತ್ತು, ಹಿಡಿಗೆ ಮರದ ಗಡಸು ಇಲ್ಲ, ಯಾವುದೋ ಮೆತ್ತಗೆ —

ಹೆಲನ್, ಬಂತಾ?

ಕೆಳಗಿನಿಂದ ಅವಳ ಸ್ವರ, ತೀರ ಸಾವಧಾನ, ವಿಲ್ಲಿಯಿಂದ ಏಳು ಜನ್ಮಕ್ಕೂ ಅಣಕಿಸಲಾಗದ್ದು: ಬಂದು ಎಷ್ಟೋ ಹೊತ್ತಾಯ್ತು.

ಮತ್ತೆ ಹೇಳ್ಲಿಲ್ಲ ಎಂತಕ್ಕೆ ಮಾರಾಯ್ತಿ?

ನೀವು ಕೇಳ್ಲಿಲ್ಲ.

ಹಿಡಿಯನ್ನು ಬಿಡದೆ ಅವನು ತಲೆಯನ್ನು ಹಲಗೆಯ ಅಂಚಿನಿಂದ ಕೆಳಗಿಳಿಸಿದ, ಲೋಕ ತಲೆಕೆಳಗಾಯಿತು, ಹೊಟ್ಟು, ಸೆರಗು, ಅವಳ ಮುಖ, ಅಡ್ಡಗೆರೆ — ಮೊನೆ ಅಡ್ಡಗೆರೆಯ ನಟ್ಟನಡುವೆಯೇ ಬಂದಿದೆ, ಕೂದಲೆಳೆ ತಪ್ಪಿಲ್ಲ, ತಪ್ಪಿಲ್ಲದ್ದರಿಂದಲೇ ಸೀದಾ ಅವಳ ಬೆರಳಿಗೆ, ಬೆರಳಿನ ಮಾಂಸದೊಳಕ್ಕೆ, ಸುತ್ತ ಕೆಂಪು, ಒಂದು ಗೆರೆ ಅಂಗೈಗೆ ಇಳಿದಿದೆ, ಅವಳು ಬೆರಳು ತೆಗೆದಿಲ್ಲ, ಕಣ್ಣು ಮುಚ್ಚಿಲ್ಲ, ಅವನನ್ನೇ ನೋಡುತ್ತಿದ್ದಾಳೆ, ಮುಂದಕ್ಕೆ ತಿರುಗಿಸುವ ಹಾಗಿಲ್ಲ, ಹಿಂದಕ್ಕೆ ತಿರುಗಿಸಿದರೆ ಸುರುಳಿ ಚರ್ಮವನ್ನೂ ಸುತ್ತಿಕೊಂಡು ಹೋಗುತ್ತದೆ, ಬೆರಳು ತೆಗಿ ಹೆಲನ್, ಅಂದ, ಅವಳು ತೆಗೆಯುವುದಿಲ್ಲ, ಅವನ ಕೈ ಹಿಡಿಯ ಮೇಲೆ ನಿಂತಿದೆ, ಮೊನೆ, ನೆಟ್ಟಗೆ, ಅವಳ ಬೆರಳಲ್ಲಿ.