ಜಗಳವಾಡದ ಮೀನುಗಳು

“ಆ ನೀಲಿದು ಬೇಡ ಅತ್ತೆ,” ಎಂದ ಬೊಟೊಂಡ್. “ನೋಡೋಕಷ್ಟೇ ಚೆಂದ. ಎರಡು ದಿನ ಸುಮ್ಮನಿರುತ್ತೆ, ಮೂರನೇ ದಿನ ಇಡೀ ತೊಟ್ಟಿ ತನ್ನದೇ ಅಂತ ಉಳಿದವರನ್ನ ಮೂಲೆಗೆ ಅಟ್ಟುತ್ತೆ.”

ಎತೆಲ್ಕಾ ಗಾಜಿನ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಒಳಗಿದ್ದ ಮೀನು ಅವಳ ಹೆಬ್ಬೆರಳಿನಷ್ಟೂ ಉದ್ದವಿರಲಿಲ್ಲ.

“ಇಷ್ಟು ಪುಟ್ಟದು ಏನು ಮಾಡೀತು?”

“ಪುಟ್ಟದಾಗಿರೋದಕ್ಕೇ ಅಷ್ಟು ಕೊಬ್ಬು. ನಿಮ್ಮ ಮನೇಲಿ ಉಳಿದಿರೋದು ಮೊದಲೇ ಅಂಜುಬುರುಕ. ಇದರ ಕಾಟಕ್ಕೆ ಹೆದರಿ ತೊಟ್ಟಿಯಿಂದಾಚೆ ನೆಗೆದು ಸಾಯುತ್ತೆ. ಜಗಳಕ್ಕೆ ಹೋಗದಂಥದ್ದು ನೋಡೋಣ.”

“ಮೊದಲಿದ್ದಂಥದ್ದೇ ನೋಡು. ಎರಡು ಕಿತ್ತಳೆ ಬಣ್ಣದ್ದು, ಎರಡು ಚುಕ್ಕಿಯವು. ಶುಕ್ರವಾರ ಒಟ್ಟೊನನ್ನ ಆಸ್ಪತ್ರೆಯಿಂದ ಮನೆಗೆ ಕಳಿಸ್ತಾರೆ.”

ಬೊಟೊಂಡ್ ಬಲೆ ಕೈಗೆತ್ತಿಕೊಂಡ. ಸೆಗೆಡ್ ಊರಿನಲ್ಲಿ ಮನೆಯಲ್ಲಿ ಸಾಕುವ ಸಮುದ್ರದ ಮೀನು ಮಾರುವ ಅಂಗಡಿ ಅವನದೊಂದೇ. ಅದನ್ನು ತೆರೆದ ಹೊಸದರಲ್ಲಿ ಸಾಲುಸಾಲಾಗಿ ಮೀನು ಸತ್ತಾಗ, ಸಂಜೆ ಸಂಜೆ ಬಂದು ನೀರು ಹದ ಮಾಡುವುದನ್ನು ಕಲಿಸಿದವನು ಎತೆಲ್ಕಾಳ ಗಂಡ ಒಟ್ಟೊ; ಅಂದಿನಿಂದ ಅವರಿಬ್ಬರೂ ಅವನಿಗೆ ಅತ್ತೆ, ಮಾಮ.

ಒಟ್ಟೊ ನೀರು ಸರಬರಾಜು ಕಚೇರಿಯಲ್ಲಿ ಪಂಪ್ ರಿಪೇರಿ ಮಾಡುತ್ತಿದ್ದವನು. ಮನೆಯ ಮುಂದಿನ ಕೋಣೆಯಲ್ಲಿ ಅವನ ಇನ್ನೂರು ಲೀಟರಿನ, ಉಪ್ಪುನೀರಿನ ಗಾಜಿನ ತೊಟ್ಟಿ ಇಪ್ಪತ್ತೆರಡು ವರ್ಷದಿಂದ ಇತ್ತು. ಅದರ ಗಾಜು ಒರೆಸಲೂ ಹೆಂಡತಿಯನ್ನು ಬಿಡುತ್ತಿರಲಿಲ್ಲ. “ಕೈಗೆ ಸೋಪು ಇರುತ್ತೆ ನಿಂಗೆ, ಮುಟ್ಟಬೇಡ,” ಎನ್ನುತ್ತಿದ್ದ. ಅವಳೂ ಮುಟ್ಟಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಸಾರು ಕಾಯಿಸಿ ಬಂದವಳಿಗೆ ಮನೆಯಲ್ಲೊಂದು ಸಮುದ್ರ ಬೇಕೆಂದು ಅನಿಸಿರಲೂ ಇಲ್ಲ.

ಏಪ್ರಿಲ್‌ನಲ್ಲಿ ಒಟ್ಟೊಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಗಿನಲ್ಲಿ ಹೋದವು. ಆಸ್ಪತ್ರೆಯಿಂದ ಬಂದ ರಾತ್ರಿಗಳಲ್ಲಿ ಎತೆಲ್ಕಾ ತೊಟ್ಟಿ ನೋಡುತ್ತಿದ್ದಳು. ನೀರು ದಿನವೂ ಒಂದಿಷ್ಟು ಇಳಿಯುತ್ತಿತ್ತು. ಸಮುದ್ರವಲ್ಲವೇ ಎಂದು, ಒಟ್ಟೊನ ಡಬ್ಬಿಯಿಂದ ಉಪ್ಪು ತೆಗೆದು ಒಂದು ಜಗ್ ನೀರಿಗೆ ಕಲಸಿ ದಿನವೂ ಸುರಿದಳು. ಮೂರನೇ ವಾರ ಚುಕ್ಕಿಯ ಮೀನುಗಳು ಹೋದವು. ಆಮೇಲೆ ಕಿತ್ತಳೆಯ ಗಂಡು. ಕೊನೆಗೆ ಹೆಣ್ಣು ಎರಡು ದಿನ ಓರೆಯಾಗಿ ಈಜಿ ಸತ್ತಿತು. ಅವನ್ನೆಲ್ಲ ಮೊಸರಿನ ಡಬ್ಬಿಯಲ್ಲಿ ಒಯ್ದು ಟಿಸಾ ನದಿಗೆ ಹಾಕಿ ಬಂದಳು. ಆಗ ಬೊಟೊಂಡ್‌ನನ್ನು ಕರೆಸಿದಳು. ಅವನು ನೀರನ್ನು ಪರೀಕ್ಷಿಸಿ ತಲೆ ತಗ್ಗಿಸಿದ.

“ಅತ್ತೆ, ಆರೋದು ನೀರು. ಉಪ್ಪು ಎಲ್ಲಿಗೂ ಹೋಗಲ್ಲ. ಬರೀ ಸಿಹಿನೀರು ಹಾಕಬೇಕಿತ್ತು.”

ಉಳಿದದ್ದು ಒಂದೇ. ಬೆರಳುದ್ದದ ಮೈ, ಮುಂದಿನ ಅರ್ಧ ಬಿಳಿ, ಹಿಂದಿನ ಅರ್ಧ ಕೆಂಡದ ಬಣ್ಣ, ಬೆನ್ನ ಮೇಲೆ ಕಡ್ಡಿಯಂತೆ ನಿಂತ ಒಂದು ರೆಕ್ಕೆ. ಐದು ವರ್ಷದಿಂದ ಒಂದೇ ಬಂಡೆಯ ಒಂದೇ ತೂತಿನಲ್ಲಿದ್ದು, ಒಟ್ಟೊ ಬಂದು ಕುಳಿತಾಗ ಮಾತ್ರ ಧೈರ್ಯವಾಗಿ ಹೊರಗೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಒಟ್ಟೊ ಪ್ರತಿ ಸಲವೂ ಎಡಗೈಯನ್ನು ಹೊದಿಕೆಯ ಮೇಲೆ ಅತ್ತಿತ್ತ ಆಡಿಸಿ, ಮೀನು ಈಜುವುದನ್ನು ತೋರಿಸಿ ಅವಳ ಮುಖ ನೋಡುತ್ತಿದ್ದ. “ಎಲ್ಲ ಚೆನ್ನಾಗಿವೆ. ತಿಂದು ತಿಂದು ದಪ್ಪ ಆಗಿವೆ,” ಎಂದು ಎತೆಲ್ಕಾ ಪ್ರತಿ ಸಲವೂ ಹೇಳಿದಳು.

“ಈ ಕಿತ್ತಳೆ ಜೋಡಿ ತಗೊಳ್ಳಿ,” ಎಂದ ಬೊಟೊಂಡ್. “ಗಂಡ ಹೆಂಡತಿ. ಒಟ್ಟಿಗೇ ಬೆಳೆದಿದಾವೆ, ಕಚ್ಚಾಡಲ್ಲ. ಇದೇ ಜಾತಿಯ ಮೂರನೇದನ್ನ ಮಾತ್ರ ಯಾವತ್ತೂ ಬಿಡಬೇಡಿ, ಕೊಂದುಹಾಕ್ತಾವೆ.”

“ಹೆಂಡತಿ ಯಾವುದು?”

“ದೊಡ್ಡದು. ಅವಳ ಮಾತೇ ನಡೆಯೋದು.”

“ನೀರಲ್ಲಾದ್ರೂ ನಡೀಲಿ ಬಿಡು.”

ಬೊಟೊಂಡ್ ಜೋಡಿಯನ್ನು ನೀರಿನ ಚೀಲಕ್ಕಿಳಿಸಿದ. ಚೀಲಕ್ಕೆ ಗಾಳಿ ತುಂಬಿ ಬಾಯಿ ಕಟ್ಟುತ್ತ, “ಮಾಮನಿಗೆ ನಿಜ ಹೇಳಿಬಿಡಿ ಅತ್ತೆ,” ಎಂದ. “ಸತ್ತ ಆ ಹೆಣ್ಣು ಮೀನಿನ ಬಾಲದಲ್ಲಿ ಒಂದು ಹರುಕು ಇತ್ತು. ಅವರು ಕಂಡುಹಿಡೀದೆ ಇರಲ್ಲ.”

“ಹೇಳೋಕೆ ಸುಲಭ ನಿಂಗೆ. ನಿನ್ನ ಮೇಲೆ ಅವನು ಯಾವತ್ತೂ ಕೂಗಿಲ್ಲ.”

ಶುಕ್ರವಾರ ಮಧ್ಯಾಹ್ನ ಆಂಬುಲೆನ್ಸಿನ ಇಬ್ಬರು ಆಳುಗಳು ಒಟ್ಟೊನನ್ನು ಕುರ್ಚಿ ಸಮೇತ ಮೂರನೇ ಮಹಡಿಗೆ ಹೊತ್ತು ತಂದರು. ಕೋಟಿನೊಳಗೆ ಅವನು ಬೇರೆ ಯಾರದೋ ಅಂಗಿ ತೊಟ್ಟವನಂತೆ ಸಣ್ಣಗಾಗಿದ್ದ. ಎತೆಲ್ಕಾ ಅವನ ಬಾಯಿಯ ಮೂಲೆ ಒರೆಸಿ, ಕುರ್ಚಿಯನ್ನು ತೊಟ್ಟಿಯ ಎದುರಿಗೆ ತಳ್ಳಿದಳು. ಹೊಸ ಜೋಡಿ ಮೇಲೆ ಕೆಳಗೆ ಆಡುತ್ತಿತ್ತು. ಚುಕ್ಕಿಯವು ಬಂಡೆಯ ನೆರಳಿನಲ್ಲಿ ಅಲುಗಾಡದೆ ನಿಂತಿದ್ದವು.

ಒಟ್ಟೊ ತುಂಬ ಹೊತ್ತು ನೋಡಿದ. ಅವಳು ಅವನ ಹಿಂದೆ, ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅವನ ಎಡಗೈ ಮೆಲ್ಲಗೆ ಎದ್ದು ಗಾಜನ್ನು ಮುಟ್ಟಿತು, ದೊಡ್ಡ ಕಿತ್ತಳೆ ಮೀನಿನ ಎದುರಿಗೆ.

“ಇದಲ್ಲ,” ಎಂದ.

ಐದು ವಾರದಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು. ಎತೆಲ್ಕಾಗೆ ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

“ಏನು ಇದಲ್ಲ? ನಿನ್ನವೇ ಅವು. ಸ್ವಲ್ಪ ಬೆಳೆದಿವೆ, ಅಷ್ಟೇ.”

“ಇದಲ್ಲ.” ಬೆರಳು ಗಾಜಿನಿಂದ ಕದಲಲಿಲ್ಲ.

ಅವಳು ಕುರ್ಚಿ ಸುತ್ತಿ ಅವನ ಮುಂದೆ ಬಂದಳು. ಒಂದು ಸಲ ಬಾಯಿಬಿಟ್ಟ ಮೇಲೆ ನಿಲ್ಲಲಾಗಲಿಲ್ಲ. “ಸತ್ತುಹೋದವು ಒಟ್ಟೊ. ನಾನೇ ಕೊಂದೆ. ದಿನಾ ಉಪ್ಪು ಕಲಸಿ ಹಾಕಿದೆ. ನಂಗೇನು ಗೊತ್ತು? ಇಪ್ಪತ್ತೆರಡು ವರ್ಷ ಮುಟ್ಟಬೇಡ ಮುಟ್ಟಬೇಡ ಅಂದೆ, ಒಂದು ದಿನ ಕರೆದು ಹೀಗೆ ಮಾಡು ಅಂತ ಹೇಳಿದ್ಯಾ? ಆಸ್ಪತ್ರೇಲಿ ನಿನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದೆ. ಬೈಯಿ. ಈಗ ಮಾತು ಬಂತಲ್ಲ, ಬೈಯಿ ನನ್ನ.”

ಒಟ್ಟೊ ಬೈಯಲಿಲ್ಲ. ಅವಳು ಹೇಳಿದ್ದು ಒಳಗೆ ಇಳಿಯಿತೋ ಇಲ್ಲವೋ ಅವನ ಮುಖದಿಂದ ತಿಳಿಯುವಂತಿರಲಿಲ್ಲ. ಆಗಲೇ ಬಂಡೆಯ ತೂತಿನಿಂದ ಬಿಳಿ ತಲೆ ಇಣುಕಿತು. ಬೆನ್ನಿನ ಕಡ್ಡಿ ಒಮ್ಮೆ ಮಿಡುಕಿತು. ನಾಲ್ಕು ದಿನದಿಂದ ಹೊಸಬರ ಭಯಕ್ಕೆ ಅಡಗಿದ್ದ ಮೀನು, ಇಷ್ಟಿಷ್ಟೇ ಮುಂದೆ ಬಂದು, ಅವನ ಕೈಯಿದ್ದ ಕಡೆಗೇ ನೇರ ಈಜಿ ನಿಂತಿತು.

“ನೋಡು, ನೋಡು!” ಎತೆಲ್ಕಾ ಕಣ್ಣೊರೆಸಿಕೊಂಡು ನಕ್ಕೇಬಿಟ್ಟಳು. “ಇದು ನಿನ್ನದೇ. ಇದೊಂದನ್ನ ಉಳಿಸಿದ್ದೀನಿ. ಗುರುತು ಹಿಡೀತು ನೋಡು ನಿನ್ನ.”

ಒಟ್ಟೊ ಬಗ್ಗಿದ. ಗಾಜಿನ ಆಚೆ ಈಚೆ ಎರಡೂ ಮುಖ ಗೇಣಿನಷ್ಟು ದೂರದಲ್ಲಿದ್ದವು. ಮೀನು ಕಿವಿರು ಆಡಿಸುತ್ತ ಕಾದಿತ್ತು.

“ಇದಲ್ಲ,” ಎಂದ ಅವನು, ಅದೇ ದನಿಯಲ್ಲಿ.

ಕೆಳಗೆ ಬೀದಿಯಲ್ಲಿ ಟ್ರಾಲಿಬಸ್ಸೊಂದು ಹಾದುಹೋಗಿ ಕಿಟಕಿಯ ಗಾಜು ಗುಂಯ್ಗುಟ್ಟಿತು. ಎತೆಲ್ಕಾ ಅಡುಗೆಮನೆಗೆ ಹೋಗಿ ನೀರು ತಂದಳು. ಕುಡಿಸಲು ಹೋದಾಗ ಅವನು ಲೋಟವನ್ನು ನೋಡಿ, “ಇದಲ್ಲ,” ಎಂದು, ಬಾಯಿ ತೆರೆದು ಕುಡಿದ. ಕಾಲಿಗೆ ಹೊದಿಸಿದ ಶಾಲಿಗೂ ಅದನ್ನೇ ಹೇಳಿದ. ಸಿಟ್ಟಿನಿಂದಲ್ಲ, ಬೇಸರದಿಂದಲೂ ಅಲ್ಲ; ಅವನಿಗೆ ಮರಳಿ ಬಂದಿದ್ದದ್ದು ಆ ಒಂದೇ ಮಾತು.

ಅವಳು ಲೋಟವನ್ನು ನೆಲದ ಮೇಲಿಟ್ಟು, ಅವನ ಎದುರಿಗೆ ಮೊಣಕಾಲೂರಿ ಕುಳಿತಳು. ತಣ್ಣಗಿದ್ದ ಅವನ ಬಲಗೈಯನ್ನು ತೊಡೆಯ ಮೇಲೆ ಸರಿಯಾಗಿಟ್ಟಳು. ಒಟ್ಟೊನ ಕಣ್ಣು ತೊಟ್ಟಿಯಿಂದ ಮೆಲ್ಲಗೆ ತಿರುಗಿ ಅವಳ ಮೇಲೆ ಬಂದು ನಿಂತಿತು. ಹಣೆ, ಕಣ್ಣು, ಮುಂಗುರುಳಿನ ನರೆ, ಒಂದೊಂದನ್ನೂ ನೋಡಿದ. ಮೀನುಗಳನ್ನು ನೋಡಿದಷ್ಟೇ ಹೊತ್ತು ನೋಡಿದ. ಅವನ ತುಟಿ ಬಿಚ್ಚಿಕೊಳ್ಳತೊಡಗಿತು.

ಎತೆಲ್ಕಾ ತಟ್ಟನೆ ಅವನ ಬಾಯಿಯ ಮೇಲೆ ಅಂಗೈ ಇಟ್ಟಳು. ಒತ್ತಲಿಲ್ಲ, ಮುಚ್ಚಿದಳಷ್ಟೇ. ಪಂಪು ಸಣ್ಣಗೆ ಸದ್ದು ಮಾಡುತ್ತಿತ್ತು. ಅವನ ಉಸಿರು ಬೆರಳ ಸಂದಿಯಲ್ಲಿ ಬೆಚ್ಚಗೆ ಬಂದು ಹೋಗುತ್ತಿತ್ತು. ಅವಳು ಕೈ ತೆಗೆಯಲಿಲ್ಲ.