ರಾಣಿಯ ಮೊಣಕಾಲು

ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ಗುರುಲಿಂಗಪ್ಪನ ಮೊಣಕಾಲು ಮಡಚುವುದನ್ನೇ ಮರೆತಿತ್ತು. ಮಸಗುಪ್ಪಿಯ ಬಯಲಾಟದಲ್ಲಿ ರಾಣಿಯ ಪಾತ್ರ ಅವನದು. ರಾಣಿ ಮುನಿದು ಕೂತು, ಕುಣಿಯುತ್ತಲೇ ಏಳಬೇಕು.

"ಸುಗ್ಗಿ ಬರೂದ್ರೊಳಗ ಕಾಲು ಮಡಚಲಿಲ್ಲಂದ್ರ ರಾಣಿ ಸೀರಿ ಆ ಹುಡುಗ ಯಲ್ಲಾರಿ ಕೈಗೆ ಕೊಡ್ತೇನಿ," ಎಂದಿದ್ದ ಮೇಳದ ಹಿರಿಯ ದುಂಡಪ್ಪ.

ಹೊಟ್ಟೆಪಾಡಿಗೆ ಗುರುಲಿಂಗಪ್ಪ ಗೋಕಾಕ ಫಾಲ್ಸಿನ ಗಿರಣಿ ಎಂಜಿನಿಯರ್ ಸಾಹೇಬರ ಬಂಗಲೆಯಲ್ಲಿ ತೋಟಕ್ಕೆ ನೀರು ಹಾಯಿಸುತ್ತಿದ್ದ. ಸಾಹೇಬರ ಹೆಂಡತಿ ಅಮ್ಮಾವರು ಮದುವೆಗೆ ಮುಂಚೆ ತಮ್ಮ ದೇಶದಲ್ಲಿ ಬ್ಯಾಲೆ ಕುಣಿದವರಂತೆ. ಯಾಕೆ ಬಿಟ್ಟರೆಂದು ಯಾರಿಗೂ ಹೇಳಿರಲಿಲ್ಲ. ಪೇರಲ ಗಿಡದ ಮರೆಯಲ್ಲಿ ಅವನು ಕೂರಲು ಹೋಗಿ ನರಳಿದ್ದನ್ನು ಕಂಡು, ವರಾಂಡದ ಕಂಬಿ ಹಿಡಿಯುವಂತೆ ಸನ್ನೆ ಮಾಡಿದರು. "ಪ್ಲಿಯೇ" ಎಂದು ಮೊಣಕಾಲು ಬಗ್ಗಿಸಿ ತೋರಿಸಿದರು; "ತಾಂದ್ಯು" ಎಂದು ಕಾಲು ಚಾಚಿದರು; "ರೆಲವೇ" ಎಂದು ತುದಿಗಾಲಲ್ಲಿ ಎದ್ದರು.

ಅವು ಮಂತ್ರಗಳೆಂದು ಗುರುಲಿಂಗಪ್ಪ ನಂಬಿದ. ಗುರು ಕೊಟ್ಟ ಮಂತ್ರ ಹೊರಗೆ ಆಡಿದರೆ ಫಲ ಹೋಗುತ್ತದೆಂದು ಮನೆಯಲ್ಲಿ ಕೇಳಿ ಬೆಳೆದವನು. ದಿನಾ ಲಿಂಗಪೂಜೆ ಮುಗಿಸಿ ಬಂದು, ಮನಸ್ಸಿನಲ್ಲೇ ಜಪಿಸುತ್ತ ಕಂಬಿ ಹಿಡಿದ. ಕಾಲು ಮಡಚತೊಡಗಿತು.

ತಾಲೀಮಿನ ದಿನ ಮೈಮರೆತು ಗಟ್ಟಿಯಾಗಿ "ಪ್ಲಿಯೇ" ಅಂದುಬಿಟ್ಟ.

"ರಾಣಿಗೆ ಇಂಗ್ಲೀಷ ದೆವ್ವ ಬಡದೈತಿ ನೋಡ್ರೋ!" ಎಂದು ಯಲ್ಲಾರಿ ನಕ್ಕ.

ಬಾಯಿಂದ ಹೊರಬಿದ್ದು ಮಂತ್ರದ ಫಲ ಹೋಯಿತೆಂದುಕೊಂಡ ಗುರುಲಿಂಗಪ್ಪ. ಕೂತವನಿಗೆ ಏಳಲಾಗಲಿಲ್ಲ.

ಮರುದಿನ ಬಂಗಲೆಗೆ ಹಾಲು ಹಾಕಲು ಬಂದ ಜಿನ್ನವ್ವನೆದುರು ನಡೆದದ್ದನ್ನು ಹೇಳಿ ಅತ್ತ. ಪುಣೆಯಲ್ಲಿದ್ದು ಬಂದ ಅಮ್ಮಾವರಿಗೆ ಮರಾಠಿ ಬರುತ್ತಿತ್ತು, ಜಿನ್ನವ್ವನಿಗೂ. ಇಬ್ಬರೂ ಮಾತಾಡಿದರು. ಅಮ್ಮಾವರು ನಗಲಿಲ್ಲ. ಒಂದೊಂದೇ ಮಾತಿನ ಅರ್ಥ ಬಿಡಿಸಿ ಹೇಳಿದರು.

"ಮಂತ್ರ ಅಲ್ಲೋ ಯಪ್ಪಾ," ಎಂದಳು ಜಿನ್ನವ್ವ. "ಹಿಂದಕ ಫ್ರಾನ್ಸಿನ ರಾಜ ಕುಣಿಯೋರಿಗೆ ಸಾಲಿ ತೆಗಿಸಿದ್ನಂತ. ಅಲ್ಲಿ ಹುಟ್ಟಿದ ಮಾತು, ಎಲ್ಲಾ ದೇಶದವ್ರೂ ಹಂಗ ಇಟ್ಕೊಂಡಾರ. ಪ್ಲಿಯೇ ಅಂದ್ರ ಮಡಚಿದ್ದು, ಒಗದ ಅರಿವಿ ಮಡಚಿದಂಗ. ತಾಂದ್ಯು ಅಂದ್ರ ಚಾಚಿದ್ದು. ರೆಲವೇ, ಎತ್ತಿದ್ದು. ಊರಿಗೆಲ್ಲಾ ಸಾರಿದ್ರೂ ನಿನ್ನ ಕಾಲು ಎಲ್ಲಿಗೂ ಹೋಗೂದಿಲ್ಲಂತ!"

ಹಿಡಿದು ನಿಂತಿದ್ದ ಕಂಬಿಯನ್ನು ಗುರುಲಿಂಗಪ್ಪ ಬಿಟ್ಟ. ಮಡಚಿದ, ಚಾಚಿದ, ಎದ್ದ.

ಸುಗ್ಗಿಯ ಆಟಕ್ಕೆ ಅಮ್ಮಾವರು ಬಂದು ಜಿನ್ನವ್ವನ ಪಕ್ಕ ಕೂತರು. ದೀಪ ಹಚ್ಚಿದ ಮೇಲೆ ವೇಷ ಕಟ್ಟಿದವರು ತಮ್ಮ ತಮ್ಮ ಗುರುವನ್ನು ನೆನೆಯುವುದು ಮೇಳದ ಪದ್ಧತಿ. ಗುರುಲಿಂಗಪ್ಪ ಮಠದ ಸ್ವಾಮಿಗಳನ್ನು ನೆನೆದ, ಆಟ ಕಲಿಸಿದವರನ್ನು ನೆನೆದ. ಆಮೇಲೆ ಗಟ್ಟಿ ದನಿಯಲ್ಲಿ, "ಮಡಚದ ಕಾಲು ಮಡಚಿಸಿ ಎತ್ತಿಸಿದ ಬಂಗಲೇದ ಅಮ್ಮಾವ್ರಿಗೆ ಶರಣು" ಎಂದು ಮೊಣಕಾಲೂರಿದ. ಯಾರ ಕೈಯೂ ಹಿಡಿಯದೆ ಎದ್ದ.

ಯಲ್ಲಾರಿ ಈ ಸಲ ನಗಲಿಲ್ಲ; ಜಾರಿದ ಅವನ ಸೆರಗನ್ನು ಸರಿಪಡಿಸಿದ.

ಅಮ್ಮಾವರು ಎದ್ದು ನಿಂತರು. ನಿಲುವಂಗಿಯ ಅಂಚು ಹಿಡಿದು, ಒಂದು ಕಾಲು ಹಿಂದಿಟ್ಟು, ಅವನತ್ತ ಮೆಲ್ಲಗೆ ಬಾಗಿ ನಮಿಸಿದರು. ಅದಕ್ಕೂ ಅವರಲ್ಲೊಂದು ಹೆಸರಿತ್ತೇನೋ. ಯಾರೂ ಕೇಳಲಿಲ್ಲ.