ಕ್ಯಾಮೆರಾದ ಧ್ವನಿ

ನಾಗಪುರದ ಮಹಾಲ್ ಪೇಟೆಯ ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ ನಡೆಯುವ ಎಡಿಟಿಂಗ್ ಕ್ಲಾಸಿನಲ್ಲಿ ಶ್ರೀವತ್ಸ ಸರ್ ಮೊದಲ ದಿನವೇ ಹೇಳಿಕೊಟ್ಟಿದ್ದರು: ಹಾಡಿನ ವಿಡಿಯೋದಲ್ಲಿ ಕ್ಯಾಮೆರಾ ಹಿಡಿದ ಧ್ವನಿ ಬರೀ ಕಸ. ಹಾಡು ಸ್ಟುಡಿಯೋದಿಂದ ಬರುತ್ತದೆ, ಕ್ಯಾಮೆರಾದಿಂದ ಬೇಕಾದದ್ದು ತುಟಿ ಮಾತ್ರ. ಸದ್ದು ಬಂದ್ ಮಾಡಿ ನೋಡಿ, ಕಣ್ಣಿನಿಂದ ಆರಿಸಿ, ಆಮೇಲೆ ಹಾಡು ಕೂಡಿಸಿ. ಶರ್ವಾಣಿಗೆ ಇದು ಬಲು ಹಿಡಿಸಿತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ ಅವಳು. ಇಂಥವರನ್ನು ಕಂಡರೆ ಮೇಷ್ಟ್ರುಗಳಿಗೆ ಪ್ರೀತಿ, ವಿಧಿಗೆ ಇನ್ನೂ ಪ್ರೀತಿ.

ಕ್ಲಾಸಿನ ಕೊನೆಯ ಪರೀಕ್ಷೆಗೆ ಒಂದು ಹಾಡಿನ ವಿಡಿಯೋ, ಮೂವರ ಗುಂಪು. ಪ್ರವೀಣನದು ಕ್ಯಾಮೆರಾ, ಸಂಕೇತನದು ಜೋಡಣೆ, ತುಣುಕುಗಳನ್ನು ಆರಿಸಿ ಹಾರ್ಡ್ ಡಿಸ್ಕ್ ಚೊಕ್ಕಟವಾಗಿಡುವುದು ಶರ್ವಾಣಿಯ ಪಾಲು. ಹಾಡು ಮರಾಠಿಯದು, ಯಾರೋ ಹುಡುಗಿ ಹಾಡಿ ಕೊಟ್ಟಿದ್ದು. ಅದಕ್ಕೆ ತುಟಿಯಾಡಿಸುವ ತಾಯಿಯೊಬ್ಬಳು ಬೇಕಾಗಿತ್ತು. ಶರ್ವಾಣಿ ತನ್ನ ಅವ್ವ ಲಲಿತಾಬಾಯಿಯನ್ನೇ ಕೇಳಿದಳು, ಒಲ್ಲೆ ಅನ್ನುತ್ತಾಳೆಂದು ಗೊತ್ತಿದ್ದೇ ಕೇಳಿದಳು. ಅಡುಗೆಮನೆಯಲ್ಲಿ ಅವ್ವ ಗುನುಗುವಾಗ ಮಗಳು ಮೊಬೈಲ್ ಎತ್ತಿದರೆ ಸಾಕು, ಬಾಯಿಗೆ ಬೀಗ. ವಾಟ್ಸಾಪಿನಲ್ಲಿ ಒಂದು ಮಾತನ್ನೂ ರೆಕಾರ್ಡ್ ಮಾಡಿ ಕಳಿಸಿದವಳಲ್ಲ. ಅಂಥವಳು ಈ ಸಲ ಯಾವ ಸೀರೆ ಉಡಲಿ ಎಂದು ಕೇಳಿದಳು.

ಎರಡು ತಿಂಗಳಿಂದ ಅವ್ವನಿಗೆ ಕೆಮ್ಮು, ಧ್ವನಿ ಒಡೆದಿತ್ತು. ಹವಾ ಬದಲಾಗಿದ್ದಕ್ಕೆ ಹಾಗೆ ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಅಪ್ಪ ನೀಲಕಂಠಪ್ಪ ಹೇಳಿದ್ದರು.

ಪ್ರತಾಪ ನಗರದ ಶರ್ವಾಣಿಯ ಮನೆಯ ತಾರಸಿಯ ಮೇಲೆ ಶೂಟಿಂಗ್ ನಡೆಯಿತು. ನಡುವೆ ಶರ್ವಾಣಿ ಎಲ್ಲರಿಗೂ ಚಹಾ ಮಾಡಲು ಕೆಳಗೆ ಹೋದಳು. ಒಮ್ಮೆ ಶುರು ಮಾಡಿದ ಕ್ಯಾಮೆರಾವನ್ನು ಪ್ರವೀಣ್ ನಡುವೆ ನಿಲ್ಲಿಸುವವನಲ್ಲ. ಮರುದಿನ ಕ್ಲಾಸಿನಲ್ಲಿ ಸದ್ದಿಲ್ಲದೆ ನೋಡುವಾಗ ಆ ಹೊತ್ತಿನ ನಾಲ್ಕು ನಿಮಿಷದ ತುಣುಕು ಸಿಕ್ಕಿತು. ಅವ್ವ ನೇರವಾಗಿ ಕ್ಯಾಮೆರಾ ನೋಡುತ್ತ ಏನೋ ಹಾಡುತ್ತಿದ್ದಳು. ತುಟಿ ತಮ್ಮ ಹಾಡಿಗೆ ಬರೋಬರ್ ಕೂಡಲಿಲ್ಲ, ತಾಲೀಮು ಇರಬೇಕು ಅಂದುಕೊಂಡಳು. ಮುಖ ಚೆಂದ ಬಂದಿದ್ದರಿಂದ ಇಟ್ಟುಕೊಂಡಳು. ಡಿಸ್ಕ್ ತುಂಬಿತ್ತು. ಕಲಿಸಿದ ಹಾಗೆಯೇ ಎಲ್ಲ ತುಣುಕುಗಳ ಸದ್ದು ತೆಗೆದು ಹಗುರ ಮಾಡಿದಳು, ಮೂಲವನ್ನು ಅಳಿಸಿದಳು, ಕ್ಯಾಮೆರಾದ ಮೆಮೊರಿ ಕಾರ್ಡನ್ನು ಮುಂದಿನ ಬ್ಯಾಚಿಗೆ ಕೊಟ್ಟಳು. ಸರ್ ಭೇಷ್ ಅಂದರು.

ವಿಡಿಯೋ ಒಪ್ಪಿಸಿ ಬಂದ ಸಂಜೆ ಅಪ್ಪ ಅವಳನ್ನು ಕೂಡಿಸಿಕೊಂಡು ಹೇಳಿದರು. ಅವ್ವನಿಗೆ ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ನಾಳೆ ಆಸ್ಪತ್ರೆಗೆ ಸೇರಿಸಬೇಕು. ಮಗಳ ಪರೀಕ್ಷೆ ಮುಗಿಯಲಿ ಎಂದು ಗಂಡಹೆಂಡತಿ ಒಂದು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಮಕ್ಕಳ ಪರೀಕ್ಷೆಗಾಗಿ ಸಾವನ್ನೂ ಬಾಗಿಲ ಹೊರಗೆ ಕಾಯಿಸುವ ನಮ್ಮ ಮನೆಗಳ ಈ ರೂಢಿಗೆ ಬೆಂಕಿ ಬೀಳಲಿ. ಅಷ್ಟರಲ್ಲಿ ಅವ್ವನ ಧ್ವನಿ ಪಿಸುಮಾತಿಗೆ ಇಳಿದಿತ್ತು. ಆಪರೇಷನ್ ಆದಮೇಲೆ ಅದೂ ಉಳಿಯಲಿಲ್ಲ.

ಇಪ್ಪತ್ತು ದಿನಕ್ಕೆ ಅವ್ವ ಮನೆಗೆ ಬಂದಳು. ಕುತ್ತಿಗೆಯಲ್ಲಿ ರಂಧ್ರ, ಅದರ ಮೇಲೆ ಬಿಳಿ ಅರಿವೆ, ಮಡಿಲಲ್ಲಿ ಬರೆದು ಮಾತಾಡಲು ಒಂದು ಪಾಟಿ. ಶರ್ವಾಣಿ ಲ್ಯಾಪ್‌ಟಾಪ್ ತಂದು ವಿಡಿಯೋ ತೋರಿಸಿದಳು. ತೆರೆಯ ಮೇಲೆ ಅವ್ವ ಬಾಯಿ ತೆರೆದರೆ ಬೇರೆಯವಳ ಧ್ವನಿ ಬರುತ್ತಿತ್ತು. ಅವ್ವ ಕೊನೆಯವರೆಗೂ ನೋಡಿದಳು, ಆಮೇಲೆ ಬಳಪ ಹಿಡಿದು ಕನ್ನಡದಲ್ಲಿ ಬರೆದಳು. ನಾಗಪುರದಲ್ಲೇ ಬೆಳೆದ ಶರ್ವಾಣಿಗೆ ಕನ್ನಡ ಮಾತಾಡಲು ಬರುತ್ತದೆ, ಓದಬೇಕೆಂದರೆ ಅಕ್ಷರ ಕೂಡಿಸಬೇಕು.

'ಇದಲ್ಲ. ನಾ ಹಾಡಿದ್ದು ಹಚ್ಚು.'

ಪಾಟಿ ಒರೆಸಿ ಮತ್ತೆ ಬರೆದಳು. 'ನೀ ಕೂಸಿದ್ದಾಗ ನಾನೇ ಕಟ್ಟಿದ್ದ ಜೋಗುಳ. ನಿನಗಂತ ಇಟ್ಟೇನಿ.'

ಶರ್ವಾಣಿ ಹೊರಗೆ ಹೋಗಿ ಪ್ರವೀಣನಿಗೆ ಫೋನ್ ಮಾಡಿದಳು. ಹೌದು, ಕ್ಯಾಮೆರಾ ಚಾಲೂ ಇದೆಯಾ ಎಂದು ಆಂಟಿ ಎರಡು ಸಲ ಕೇಳಿದ್ದರು, ಶರ್ವಾಣಿಗೆ ಹೇಳಬೇಡ, ತಾನೇ ನೋಡಲಿ ಅಂದಿದ್ದರು ಎಂದ. ಅವನಿಗೆ ಕನ್ನಡ ಬಾರದು, ಹಾಡಿನ ಒಂದು ಮಾತೂ ನೆನಪಿರಲಿಲ್ಲ. ಕಾರ್ಡಿನ ಮೇಲೆ ಅಷ್ಟರಲ್ಲಿ ಬೇರೆ ಎರಡು ಬ್ಯಾಚುಗಳ ಶೂಟಿಂಗ್ ಆಗಿಹೋಗಿತ್ತು.

ಒಳಗೆ ಬಂದು, ಬೇರೇನೂ ತೋಚದೆ ಆ ನಾಲ್ಕು ನಿಮಿಷದ ತುಣುಕು ಹಚ್ಚಿದಳು. ಅವ್ವನ ತುಟಿ ಆಡತೊಡಗಿತು. ಅವ್ವ ಕೈ ಚಾಚಿ ಧ್ವನಿ ಏರಿಸುವ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಪೂರ್ತಿ ಏರಿದ ಮೇಲೂ ಒತ್ತುತ್ತಲೇ ಇದ್ದಳು. ಶರ್ವಾಣಿಗೆ ಆ ಬೆರಳು ನೋಡಲಾಗಲಿಲ್ಲ. ಅದನ್ನು ಹಿಡಿದುಕೊಂಡಳು.

"ಅವ್ವಾ, ಅದರಾಗ ಇಲ್ಲ. ನಾನ ತಗದು ಒಗದೇನಿ."

ಅವ್ವನ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಚಲೋ ಇತ್ತು. ಪಾಟಿಯನ್ನು ಅಂಗೈಯಿಂದ ಒರೆಸಿ ನಿಧಾನವಾಗಿ ಬರೆದು ಮಗಳ ಕಡೆ ತಿರುಗಿಸಿದಳು. ಶರ್ವಾಣಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

"ತಗಿಯೂದಕ್ಕ ಮೊದಲ ಒಮ್ಮೆರೆ ಕೇಳಿದಿಯೇನು?"

ಅವ್ವ ಉತ್ತರಕ್ಕಾಗಿ ಕಾಯುತ್ತಿದ್ದಳು. ಶರ್ವಾಣಿ ಇಲ್ಲವೆಂದು ತಲೆಯಾಡಿಸಿದಳು.